ಮಡಚಿದ ನೋಟು ಮತ್ತೆ ನೋಟಾಗಬೇಕು

ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ. ನಮ್ಮ ಬ್ಯಾಂಕಿನ ಕ್ಯಾಷ್ ಕೌಂಟರಿಗೆ ಅದು ಬರುವುದು ಸೋಮವಾರ. ಅರಿಶಿನ, ಕುಂಕುಮ, ಒಂದೆರಡು ಸೇವಂತಿಗೆ ಎಸಳು, ಅವುಗಳ ಜೊತೆ ಲಕ್ಷ್ಮಿಯ ಅಲಂಕಾರಕ್ಕೆ ಮಡಚಿದ ನೋಟು. ಮಂಡ್ಯದಲ್ಲಿ ಕ್ಯಾಷಿಯರ್ ಆಗಿ ಕೂತಾಗಿನಿಂದ ಪ್ರತಿ ವರ್ಷ ಇದೇ.

ಹೋದ ಸಲ ಒಬ್ಬರು ವಯಸ್ಸಾದ ಅಮ್ಮ ಇಡೀ ನವಿಲನ್ನೇ ತಂದರು. ನೂರರ ನೋಟುಗಳ ಗರಿ, ಐವತ್ತರ ಕತ್ತು. ನೋಡೋಕೆ ಚೆಂದವೇ ಇತ್ತು. ಬಿಡಿಸಲು ಹೋದರೆ ಬರಲಿಲ್ಲ. ಗರಿಗೊಂದರಂತೆ ಡಬಲ್ ಗಮ್ ಟೇಪು. "ಸೊಸೆ ಅದೇನೋ ಅಂಟಿಸೋದು ತಂದಿದ್ಲು ಕಣಪ್ಪ" ಎಂದರು. ಉಗುರಿನಿಂದ ಎಬ್ಬಿಸಿದೆ. ಒಂದು ನೋಟಿನ ಮೇಲ್ಪದರವೇ ಕಿತ್ತುಕೊಂಡು ಟೇಪಿನ ಜೊತೆ ಬಂತು. "ಲಕ್ಷ್ಮಿ ಕಣಪ್ಪ, ಹರೀಬೇಡ!" ಬೈಸಿಕೊಂಡಿದ್ದು ನಾನು.

ನೋಟು ಮಡಚಬೇಡಿ ಅಂತ ಹೇಳುವವನಲ್ಲ ನಾನು. ನನಗೂ ಅದೇ ಹುಚ್ಚು. ಜನ ಕಮ್ಮಿ ಇದ್ದ ಮಧ್ಯಾಹ್ನಗಳಲ್ಲಿ ತಪ್ಪಾಗಿ ಬರೆದು ಬಿಸಾಕಿದ ಚಲನ್‌ಗಳನ್ನು ನೋಟಿನ ಅಳತೆಗೆ ಕತ್ತರಿಸಿ ಮಡಚಿ ಕಲಿತವನು. ಜಪಾನಿನವರ ಕಾಗದ ಮಡಚುವ ಕಲೆ ಒರಿಗಾಮಿಯಲ್ಲಿ ಸಾಮಾನ್ಯವಾಗಿ ಕತ್ತರಿ ಇಲ್ಲ, ಅಂಟು ಇಲ್ಲ. ಬರೀ ಮಡಿಕೆ. ನೋಟಿಗೆ ಇದಕ್ಕಿಂತ ಒಳ್ಳೆಯ ನಿಯಮ ಬೇಕಾ? ಬಿಚ್ಚಿದರೆ ಮತ್ತೆ ನೋಟು.

ಮೊದಲು ಅಳತೆ. ಯೂಟ್ಯೂಬಿನ ವಿಡಿಯೋಗಳಲ್ಲಿ ಹೆಚ್ಚಿನವು ಡಾಲರಿನವು. ಡಾಲರ್ ನೋಟು ಒಂದಿರಲಿ ನೂರಿರಲಿ, ಎಲ್ಲ ಒಂದೇ ಸೈಜು, ಹತ್ತಿರ ಹತ್ತಿರ 156 ಮಿಲಿಮೀಟರ್ ಉದ್ದ, 66 ಅಗಲ. ನಮ್ಮಲ್ಲಿ ಬೆಲೆ ಏರಿದಂತೆ ಉದ್ದವೂ ಏರುತ್ತದೆ. ಹೊಸ ಹತ್ತರ ನೋಟು 123, ನೂರರದು 142, ಐನೂರರದು 150. ಅದಕ್ಕೇ ಡಾಲರಿನ ವಿಡಿಯೋ ನೋಡಿ ಹತ್ತರ ನೋಟಿನಲ್ಲಿ ಅಂಗಿಯ ಆಕಾರ ಮಡಚಿದರೆ ಅದು ಗಿಡ್ಡ ಆಗುತ್ತದೆ. ತಪ್ಪು ನಿಮ್ಮ ಕೈಯದಲ್ಲ. ಡಾಲರಿನ ಆಕಾರಕ್ಕೆ ಹತ್ತಿರ ಇರುವುದು ಐನೂರು. ಹತ್ತರ ನೋಟಿಗೆ ಬೇರೆಯದೇ ಗುಣ ಇದೆ. ಅದರ ಅಗಲ 63, ಅಡ್ಡಕ್ಕೆ ಅರ್ಧ ಮಡಚಿದರೆ ಹೆಚ್ಚುಕಮ್ಮಿ ಚೌಕ ಸಿಗುತ್ತದೆ. ಚೌಕದ ಹಾಳೆಯಲ್ಲಿ ಮಾಡುವ ಸುಲಭದ ಆಕಾರಗಳಿಗೆ ಅದೇ ಸರಿ. ಹವಾಯಿಯ ಒರಿಗಾಮಿ ಕಲಾವಿದ ವೋನ್ ಪಾರ್ಕ್ ಒಂದೇ ಡಾಲರ್ ನೋಟಿನಲ್ಲಿ ಹುರುಪೆ ಸಮೇತ ಕೊಯ್ ಮೀನು ಮಾಡುತ್ತಾರೆ. ಅದನ್ನು ನೋಡಿ ಖುಷಿಪಡಿ, ಶುರುವಿಗೇ ಅದಕ್ಕೆ ಕೈ ಹಾಕಬೇಡಿ.

ನೋಟಿನ ಕಾಗದ ಹತ್ತಿಯದು. ಪುಸ್ತಕದ ಹಾಳೆಯ ಹಾಗೆ ನಾಲ್ಕು ಮಡಿಕೆಗೆ ಸೋಲುವುದಿಲ್ಲ. ಅದರ ತವರು ನಮ್ಮ ಪಕ್ಕದ ಊರೇ. ನೋಟು ಮುದ್ರಿಸುವ ಪ್ರೆಸ್ಸು ನಾಸಿಕ್, ದೇವಾಸ್, ಸಾಲ್ಬೋನಿಗಳಲ್ಲೂ ಇದೆ. ಆದರೆ ಮೈಸೂರಿನಲ್ಲಿ ಪ್ರೆಸ್ಸಿನ ಜೊತೆ ನೋಟಿನ ಕಾಗದದ ಕಾರ್ಖಾನೆಯೂ ಇದೆ, ವರ್ಣಿಕಾ ಎಂಬ ಶಾಯಿ ಘಟಕವೂ ಇದೆ. ಇಷ್ಟು ಗಟ್ಟಿ ಕಾಗದ ಆದರೂ ಉಗುರಿನಿಂದ ಗೀರಿ ಗೀರಿ ಮಡಚಿದರೆ ಮಡಿಕೆಯ ಗೆರೆಯಲ್ಲಿ ಶಾಯಿ ಉದುರಿ ಬಿಳಿ ಬೀಳುತ್ತದೆ. ಬೆರಳ ತುದಿಯಿಂದ ಒತ್ತಿದರೆ ಸಾಕು.

ಅಂಗಿ ಎಲ್ಲರಿಗೂ ಬರುತ್ತದೆ, ಅದನ್ನೇ ಹೇಳುತ್ತೇನೆ. ಗರಿಗರಿ ಐನೂರು ತಗೊಳ್ಳಿ. ಉದ್ದಕ್ಕೆ ನಡುಗೆರೆ ಬರುವ ಹಾಗೆ ಮಡಚಿ ಬಿಚ್ಚಿ. ಎರಡು ಉದ್ದದ ಅಂಚನ್ನೂ ಆ ಗೆರೆಗೆ ತಂದು ಕೂರಿಸಿ. ಕದ ಹಾಕಿದ ಬಾಗಿಲಿನ ಹಾಗೆ ಕಾಣಬೇಕು. ಮೇಲ್ತುದಿಯನ್ನು ಕಿರುಬೆರಳಿನ ಅಗಲದಷ್ಟು ಹಿಂದಕ್ಕೆ ಮಡಚಿ. ಈಗ ಮೇಲಿನ ಎರಡು ಮೂಲೆಯನ್ನೂ ಓರೆಯಾಗಿ ಮುಂದಕ್ಕೆ, ನಡುಗೆರೆಗೆ ತನ್ನಿ. ಹಿಂದಿದ್ದ ಪಟ್ಟಿ ಮುಂದೆ ಬಂದು ಕಾಲರ್ ಆಗುತ್ತದೆ. ಕೆಳತುದಿಯಲ್ಲಿ ನಡುವೆ ಕೂಡಿರುವ ಎರಡು ಮೂಲೆಯನ್ನು ಹೊರಕ್ಕೆ ಓರೆಯಾಗಿ ಮಡಚಿ, ಅಂಚು ದಾಟಿ ಸ್ವಲ್ಪ ಆಚೆ ಬರಲಿ. ಅವೇ ತೋಳು. ಆ ತುದಿಯನ್ನು ಹಾಗೇ ಮೇಲಕ್ಕೆತ್ತಿ ಕಾಲರ್ ಕೆಳಗೆ ತೂರಿಸಿ. ಮೊದಲ ಸಲ ತೋಳು ಒಂದು ದಪ್ಪ ಒಂದು ಸಣ್ಣ ಆಗುತ್ತದೆ. ನನ್ನದೂ ಆಗಿತ್ತು.

ಒಂದು ಮಾತು. ಹೊಸ ನೋಟುಗಳಲ್ಲಿ ಗಾಂಧೀಜಿ ನಡುವೆ ಇದ್ದಾರೆ. ಅರ್ಧ ಮಡಿಕೆ ಎಂದರೆ ಅವರ ಮುಖದ ಮೇಲೇ ಗೆರೆ. ಮನೆಯ ಹಿರಿಯರು ಬೇಜಾರು ಮಾಡಿಕೊಳ್ಳಬಹುದು, ಕೇಳಿ ಮಾಡಿ.

ಬಣ್ಣ ನೋಡಿ ಆಕಾರ ಆರಿಸಿ. ಐವತ್ತರ ನೀಲಿ ನವಿಲಿಗೆ, ಇನ್ನೂರರ ಹಳದಿ ಹೂವಿಗೆ, ಹತ್ತರ ಚಾಕಲೇಟ್ ಬಣ್ಣ ದಸರಾ ಆನೆಗೆ. ಲಕ್ಷ್ಮಿಯ ಹಿಂದಿನ ಬೀಸಣಿಗೆಗೆ ನೋಟನ್ನು ಸೀರೆ ನೆರಿಗೆಯಂತೆ ಮಡಚಿ ಬುಡಕ್ಕೆ ದಾರ ಕಟ್ಟಿದರೆ ಆಯಿತು. ಬಾಳೆ ನಾರು ಬೇಡ, ಒದ್ದೆ ನಾರು ಕಲೆ ಬಿಡುತ್ತದೆ.

ಗುಂಡುಪಿನ್ನು, ಸ್ಟೇಪ್ಲರ್ ಅಂತೂ ಬೇಡವೇ ಬೇಡ. ಈ ವಿಷಯದಲ್ಲಿ ನಮ್ಮವರೂ ಸಾಚಾ ಅಲ್ಲ. ನಾನು ಸೇರಿದ ಹೊಸದರಲ್ಲಿ ನೂರರ ಕಟ್ಟಿಗೆ ಬ್ಯಾಂಕಿನವರೇ ಪಿನ್ ಹೊಡೆಯುತ್ತಿದ್ದೆವು. 2001ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ನಿಲ್ಲಿಸಿತು, ಕಾಗದದ ಪಟ್ಟಿ ಬಂತು. ನೋಟಿನ ಹಾರ, ಪೆಂಡಾಲಿಗೆ ನೋಟು, ಇವೂ ಬೇಡ ಎಂದು ಅದು ಹೇಳುತ್ತಲೇ ಇದೆ. ಹಾಗಾಗಿ ಹಾರ ಕಟ್ಟಿಕೊಡಿ ಅಂತ ಕೇಳಿಕೊಂಡು ಬಂದವರನ್ನು ನಾನು ವಾಪಸ್ ಕಳಿಸುತ್ತೇನೆ. ನೋಟು ವಿಂಗಡಿಸುವ ಮೆಷಿನ್ನಿಗೆ ಮಡಿಕೆಯ ಲೆಕ್ಕವೂ ಗೊತ್ತು. ಮಡಿಕೆಯಿಂದ ಉದ್ದವೋ ಅಗಲವೋ 5 ಮಿಲಿಮೀಟರಿಗಿಂತ ಜಾಸ್ತಿ ಕಮ್ಮಿಯಾದರೆ ಆ ನೋಟು ಚಲಾವಣೆಗೆ ಲಾಯಕ್ಕಲ್ಲ ಎಂದು ಪಕ್ಕಕ್ಕೆ ಹಾಕುತ್ತದೆ. ಬೆಲೆ ಹೋಗುವುದಿಲ್ಲ. ಆದರೆ ಒಳ್ಳೆಯ ನೋಟೊಂದು ಸುಮ್ನೆ ಬೇಗ ನಿವೃತ್ತಿ ಆಯಿತು, ಅಲ್ವಾ?

ಬಿಚ್ಚಿದ ಮೇಲೆ ಇಸ್ತ್ರಿ ಮಾಡಬೇಡಿ, ನೋಟಿನೊಳಗಿನ ಭದ್ರತಾ ದಾರ ಪ್ಲಾಸ್ಟಿಕ್ಕಿನದು. ದಪ್ಪ ಪುಸ್ತಕದ ಕೆಳಗೆ ಎರಡು ದಿನ ಇಡಿ. ಅಪ್ಪಿತಪ್ಪಿ ಹರಿದರೆ ಬಿಸಾಕಬೇಡಿ, ಬ್ಯಾಂಕಿಗೆ ತನ್ನಿ. ಐವತ್ತು ಮತ್ತು ಮೇಲಿನ ನೋಟಿನಲ್ಲಿ ಒಂದೇ ತುಂಡು 80 ಶೇಕಡಾಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ದುಡ್ಡು ಸಿಗುತ್ತದೆ. 40ರಿಂದ 80 ಇದ್ದರೆ ಅರ್ಧ.

ಮೊನ್ನೆ ಮದ್ದೂರು ಕಡೆಯ ಒಂದು ಮದುವೆಗೆ ಐನೂರರ ಅಂಗಿ ಮಡಚಿಕೊಂಡು ಹೋಗಿದ್ದೆ. ಕಾಲರ್ ಸಕತ್ತಾಗಿ ಕೂತಿತ್ತು. ಮುಯ್ಯಿ ಬರೆಯುವವರ ಕೈಗೆ ಕೊಟ್ಟೆ. ಅವರು ಅತ್ತಿತ್ತ ತಿರುಗಿಸಿ ನೋಡಿದರು, ಎರಡು ಬೆರಳಲ್ಲಿ ಸರ್ರಂತ ಬಿಚ್ಚಿ ಚಪ್ಪಟೆ ಮಾಡಿ ಡಬ್ಬಿಗೆ ಹಾಕಿದರು. ಪುಸ್ತಕದಲ್ಲಿ ನನ್ನ ಹೆಸರು ಬರೆದು ತಲೆ ಎತ್ತಿದರು.

"ಮೇಲೊಂದು ರೂಪಾಯಿ ಎಲ್ಲಿ ಸಾರ್?"