ಒಂದೇ ಊರಿಗೆ ಒಂಬತ್ತು ತಂಡ: ಆಸ್ಟ್ರೇಲಿಯಾದ ರಗ್ಬಿ ಲೀಗ್ ಲೆಕ್ಕ

ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಅಂದರೆ ನ್ಯಾಷನಲ್ ರಗ್ಬಿ ಲೀಗ್. ಆದರೆ ಅದರ 17 ತಂಡಗಳಲ್ಲಿ ಒಂಬತ್ತು ಸಿಡ್ನಿಯವೇ. ಪರ್ತ್, ಅಡಿಲೇಡ್‌ಗೆ ಒಂದೂ ಇಲ್ಲ. ಐಪಿಎಲ್ ಹಾಗೆ ಊರಿಗೊಂದು ತಂಡ ಏಕಿಲ್ಲ?

ಉತ್ತರ: ಐಪಿಎಲ್‌ನಲ್ಲಿ ಮೊದಲು ದೇಶದ ನಕ್ಷೆ ಹರಡಿ, ಆಮೇಲೆ ಊರುಗಳನ್ನು ಹರಾಜು ಹಾಕಿದರು. ಎನ್‌ಆರ್‌ಎಲ್ ಹುಟ್ಟಿದ್ದು ಉಲ್ಟಾ ದಾರಿಯಲ್ಲಿ. ಸಿಡ್ನಿಯ ಬಡಾವಣೆಗಳ ನಡುವಿನ ಪಂದ್ಯಾವಳಿಯೊಂದು ಬೆಳೆಯುತ್ತಾ ಬೆಳೆಯುತ್ತಾ ದೇಶದ ಹೆಸರು ಹೊತ್ತುಕೊಂಡಿತು. ಹಳೆಯ ತಂಡಗಳನ್ನು ಕಿತ್ತುಹಾಕುವ ಪ್ರಯತ್ನ ಒಮ್ಮೆ ಗಂಭೀರವಾಗಿಯೇ ನಡೆಯಿತು. ಅದರ ಕಥೆ ಮುಂದೆ ಬರುತ್ತದೆ.

ಒಂದು ಸಣ್ಣ ಸ್ಪಷ್ಟನೆ. ರಗ್ಬಿ ಲೀಗ್ ಬೇರೆ, ಹದಿನೈದು ಜನ ಆಡುವ ರಗ್ಬಿ ಯೂನಿಯನ್ ಬೇರೆ. ಲೀಗ್‌ನಲ್ಲಿ ತಂಡಕ್ಕೆ 13 ಜನ, ಆರು ಟ್ಯಾಕಲ್ (ಚೆಂಡು ಹಿಡಿದವನನ್ನು ಹಿಡಿದು ಕೆಡವುವುದು) ಆದಮೇಲೆ ಚೆಂಡು ಎದುರಾಳಿಗೆ. ಎರಡೂ ಬೇರೆಯಾಗಿದ್ದು ದುಡ್ಡಿನ ಜಗಳದಲ್ಲಿ. ಆಡಲು ಹೋಗಿ ಕೂಲಿ ಕಳೆದುಕೊಂಡವರಿಗೆ ಪರಿಹಾರ ಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು 1895ರಲ್ಲಿ ಸಿಡಿದು ಹೊರಬಂದವು.

ಸಿಡ್ನಿಯಲ್ಲೂ ಕಾರಣ ಅದೇ. ಅಲೆಕ್ ಬರ್ಡನ್ ಎಂಬ ಆಟಗಾರ ಗಾಯಗೊಂಡು ದುಡಿಮೆ ತಪ್ಪಿದಾಗ ರಗ್ಬಿ ಯೂನಿಯನ್ ಕೈಚೆಲ್ಲಿತು. ಅದು ಅಸಮಾಧಾನಕ್ಕೆ ಕಿಡಿ ಹಚ್ಚಿತು. 1907ರಲ್ಲಿ ಹೊಸ ಸಂಘ ಕಟ್ಟಿದವರಲ್ಲಿ ಉದ್ಯಮಿ ಜೇಮ್ಸ್ ಗಿಲ್ಟಿನನ್ ಮತ್ತು ನಮ್ಮ ಕ್ರಿಕೆಟ್ ಪ್ರಿಯರಿಗೆ ಚಿರಪರಿಚಿತನಾದ ಬ್ಯಾಟ್ಸ್‌ಮನ್ ವಿಕ್ಟರ್ ಟ್ರಂಪರ್ ಇದ್ದರು. ಹೌದು, ಅದೇ ಟ್ರಂಪರ್. ಅವನ ಕ್ರೀಡಾ ಸಾಮಗ್ರಿ ಅಂಗಡಿಯಲ್ಲೇ ಗುಟ್ಟಿನ ಮಾತುಕತೆ ನಡೆಯುತ್ತಿತ್ತು.

1908ರ ಮೊದಲ ಋತುವಿನಲ್ಲಿ ಒಂಬತ್ತು ತಂಡಗಳು: ಗ್ಲೀಬ್, ನ್ಯೂಟೌನ್, ಬಾಲ್ಮೇನ್, ಸೌತ್ ಸಿಡ್ನಿ, ಈಸ್ಟರ್ನ್ ಸಬರ್ಬ್ಸ್, ವೆಸ್ಟರ್ನ್ ಸಬರ್ಬ್ಸ್, ನಾರ್ತ್ ಸಿಡ್ನಿ, ಕಂಬರ್‌ಲ್ಯಾಂಡ್, ನ್ಯೂಕಾಸಲ್. ಕೊನೆಯದನ್ನು ಬಿಟ್ಟರೆ ಎಲ್ಲವೂ ಸಿಡ್ನಿಯವು. ಆಟಗಾರ ಯಾವ ಬಡಾವಣೆಯಲ್ಲಿ ಮನೆ ಮಾಡಿದ್ದಾನೋ ಅಲ್ಲಿಯ ತಂಡಕ್ಕೇ ಆಡಬೇಕೆಂಬ ನಿಯಮ ದಶಕಗಳ ಕಾಲ ಇತ್ತು. ಪಕ್ಕದ ಬೀದಿಯವನೇ ಜರ್ಸಿ ತೊಟ್ಟು ಬಂದರೆ ಅಭಿಮಾನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ನಗರ ಪಶ್ಚಿಮಕ್ಕೂ ದಕ್ಷಿಣಕ್ಕೂ ಹಬ್ಬಿದಂತೆ ತಂಡಗಳೂ ಹಬ್ಬಿದವು. 1921ರಲ್ಲಿ ಸೇಂಟ್ ಜಾರ್ಜ್, 1935ರಲ್ಲಿ ಕ್ಯಾಂಟರ್‌ಬರಿ, 1947ರಲ್ಲಿ ಮ್ಯಾನ್ಲಿ ಮತ್ತು ಪ್ಯಾರಮಟ್ಟಾ, 1967ರಲ್ಲಿ ಪೆನ್ರಿತ್ ಮತ್ತು ಕ್ರೊನುಲ್ಲಾ. ಇವುಗಳನ್ನು ಬದುಕಿಸಿದ್ದು ಟಿಕೆಟ್ ಹಣ ಮಾತ್ರವಲ್ಲ. ನ್ಯೂ ಸೌತ್ ವೇಲ್ಸ್ ಸರ್ಕಾರ 1956ರಲ್ಲಿ ಕ್ಲಬ್‌ಗಳಲ್ಲಿ ಪೋಕರ್ ಯಂತ್ರಗಳನ್ನು ಕಾನೂನುಬದ್ಧಗೊಳಿಸಿತು. ತಂಡದ ಬೆನ್ನಿಗೆ ಒಂದು 'ಲೀಗ್ಸ್ ಕ್ಲಬ್', ಅದರಲ್ಲಿ ಊಟ, ಬಿಯರ್, ಸಾಲುಸಾಲು ಜೂಜಿನ ಯಂತ್ರ. ಆಟಗಾರರ ಸಂಬಳಕ್ಕೆ ಆ ಯಂತ್ರಗಳಿಗೆ ಬಿದ್ದ ನಾಣ್ಯಗಳೂ ಸೇರಿದವು. ಇದು ಹೆಮ್ಮೆಪಡುವ ಆದಾಯ ಅಂತ ನನಗನ್ನಿಸುವುದಿಲ್ಲ, ಆದರೆ ಇದನ್ನು ಬಿಟ್ಟು ಸಿಡ್ನಿ ತಂಡಗಳ ಗಟ್ಟಿತನ ಅರ್ಥವಾಗುವುದಿಲ್ಲ.

ಹೊರಗಿನವರು ಬಂದದ್ದು ತಡವಾಗಿ. 1982ರಲ್ಲಿ ಕ್ಯಾನ್‌ಬೆರಾ ಮತ್ತು ಇಲ್ಲವಾರ, 1988ರಲ್ಲಿ ಬ್ರಿಸ್ಬೇನ್ ಬ್ರಾಂಕೋಸ್, ನ್ಯೂಕಾಸಲ್ ನೈಟ್ಸ್ ಮತ್ತು ಗೋಲ್ಡ್ ಕೋಸ್ಟ್‌ನ ತಂಡ, 1995ರಲ್ಲಿ ಆಕ್ಲೆಂಡ್, ಪರ್ತ್, ಟೌನ್ಸ್‌ವಿಲ್ ಜೊತೆಗೆ ಬ್ರಿಸ್ಬೇನ್‌ನ ಎರಡನೇ ತಂಡ. ಒಟ್ಟು 20. ಅಷ್ಟರಲ್ಲಿ ಪೇ-ಟಿವಿ ಹಕ್ಕಿಗಾಗಿ ರೂಪರ್ಟ್ ಮರ್ಡಾಕ್‌ನ ನ್ಯೂಸ್ ಕಂಪನಿ 'ಸೂಪರ್ ಲೀಗ್' ಎಂಬ ಪ್ರತಿಸ್ಪರ್ಧಿ ಲೀಗನ್ನು ಎಬ್ಬಿಸಿತು. 1997ರಲ್ಲಿ ಎರಡು ಲೀಗ್, ಇಬ್ಬರು ಚಾಂಪಿಯನ್ನರು. ಪ್ರೇಕ್ಷಕರು ರೋಸಿಹೋದರು. 1998ರಲ್ಲಿ ರಾಜಿಯಾಗಿ ಎನ್‌ಆರ್‌ಎಲ್ ಹುಟ್ಟಿತು. ರಾಜಿಯ ಷರತ್ತು: 2000ನೇ ಇಸವಿಗೆ ತಂಡಗಳು 14ಕ್ಕೆ ಇಳಿಯಬೇಕು.

ಓದುಗರು ಕೇಳುವ 'ಊರಿಗೊಂದು ತಂಡ'ದ ಕಡೆಗೆ ಲೀಗ್ ವಾಲಿದ್ದು ಆಗಲೇ. ಸೇಂಟ್ ಜಾರ್ಜ್ ಹೋಗಿ ಸಿಡ್ನಿಯ ದಕ್ಷಿಣದ ಊರಾದ ವೊಲೊಂಗಾಂಗ್‌ನ ಇಲ್ಲವಾರ ಜೊತೆ ಸೇರಿತು. (ಹಾಗಾಗಿ ಇಂದಿನ ಒಂಬತ್ತರಲ್ಲಿ ಹೀಗೆ ಹುಟ್ಟಿದ ಡ್ರಾಗನ್ಸ್ ತಂಡ ಅರ್ಧ ಮಾತ್ರ ಸಿಡ್ನಿ.) ಬಾಲ್ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಕೂಡಿ ವೆಸ್ಟ್ಸ್ ಟೈಗರ್ಸ್ ಆದವು. ನಾರ್ತ್ ಸಿಡ್ನಿ ಮತ್ತು ಮ್ಯಾನ್ಲಿಯನ್ನು ಜೋಡಿಸಿ ಮಾಡಿದ 'ನಾರ್ದರ್ನ್ ಈಗಲ್ಸ್' ಮೂರೇ ಋತುವಿನಲ್ಲಿ ಮುರಿದುಬಿತ್ತು. ಮ್ಯಾನ್ಲಿ ಉಳಿಯಿತು, ನಾರ್ತ್ ಸಿಡ್ನಿ ಬೇರ್ಸ್ ಬೀದಿಗೆ ಬಿತ್ತು.

ಸೌತ್ ಸಿಡ್ನಿ ಯಾರ ಜೊತೆಗೂ ಕೂಡಲು ಒಪ್ಪಲಿಲ್ಲ. 1908ರ ಮೊದಲ ಚಾಂಪಿಯನ್, ಒಟ್ಟು 20 ಪ್ರಶಸ್ತಿ ಗೆದ್ದಿದ್ದ ತಂಡ. 1999ರ ಕೊನೆಗೆ ಅದನ್ನು ಹೊರಹಾಕಿದರು. ಹತ್ತಾರು ಸಾವಿರ ಜನ ಕೆಂಪು-ಹಸಿರು ಧರಿಸಿ ಸಿಡ್ನಿಯ ಬೀದಿಗಿಳಿದರು. ಕ್ಲಬ್‌ನ ಅಧ್ಯಕ್ಷ ಜಾರ್ಜ್ ಪಿಗ್ಗಿನ್ಸ್ ಕೋರ್ಟ್ ಮೆಟ್ಟಿಲೇರಿದರು. ಮೊದಲು ಸೋಲು, 2001ರ ಮೇಲ್ಮನವಿಯಲ್ಲಿ ಗೆಲುವು, 2002ರಲ್ಲಿ ಮರುಪ್ರವೇಶ. ತಮಾಷೆಯೆಂದರೆ 2003ರಲ್ಲಿ ಹೈಕೋರ್ಟ್, ಅಂದರೆ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಲೀಗ್‌ನ ಪಾಲುದಾರನಾಗಿದ್ದ ಮರ್ಡಾಕ್‌ನ ನ್ಯೂಸ್ ಕಂಪನಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆದರೆ ಮತ್ತೆ ತಂಡವನ್ನು ಹೊರದಬ್ಬುವ ಧೈರ್ಯ ಯಾರಿಗೂ ಇರಲಿಲ್ಲ. 2014ರಲ್ಲಿ ಸೌತ್ಸ್ 43 ವರ್ಷಗಳ ನಂತರ ಗೆದ್ದಾಗ ಎದುರಾಳಿ ಕ್ಯಾಂಟರ್‌ಬರಿ, ಅದೂ ಸಿಡ್ನಿಯದೇ. ಮೈದಾನದಲ್ಲಿ 83 ಸಾವಿರಕ್ಕೂ ಹೆಚ್ಚು ಜನ. ಅಂದಿನಿಂದ ಸಿಡ್ನಿಯ ತಂಡವೊಂದನ್ನು ಬಲವಂತವಾಗಿ ಮುಚ್ಚುವ ಕೆಲಸಕ್ಕೆ ಎನ್‌ಆರ್‌ಎಲ್ ಕೈಹಾಕಿಲ್ಲ.

ಪರ್ತ್, ಅಡಿಲೇಡ್ ವಿಷಯಕ್ಕೆ ಇನ್ನೊಂದು ಕಾರಣವೂ ಇದೆ. ರಗ್ಬಿ ಲೀಗ್ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್‌ನ ಆಟ. ಉಳಿದ ಕಡೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನದೇ ರಾಜ್ಯಭಾರ. ಅಂಥ ನೆಲದಲ್ಲೂ ಮೆಲ್ಬರ್ನ್ ಸ್ಟಾರ್ಮ್ ತಂಡ ಬೇರುಬಿಟ್ಟಿದೆ. ಆದರೆ ಪರ್ತ್‌ನ ರೆಡ್ಸ್, ಅಡಿಲೇಡ್‌ನ ರ‍್ಯಾಮ್ಸ್ ಎರಡೂ ಬೇಗನೆ ಮುಚ್ಚಿದವು.

ಸಿಡ್ನಿಯಲ್ಲಿರುವ ಕನ್ನಡಿಗ ಓದುಗರು ಯಾವ ತಂಡ ಹಿಡಿಯಬೇಕೆಂದು ಕೇಳುವುದುಂಟು. ಭಾರತೀಯರ ಅಂಗಡಿ, ಹೋಟೆಲುಗಳಿಂದ ತುಂಬಿದ ಹ್ಯಾರಿಸ್ ಪಾರ್ಕ್ ಕಡೆ ಮನೆಯಿದ್ದರೆ ಹತ್ತಿರದ ಮೈದಾನ ಪ್ಯಾರಮಟ್ಟಾ ಈಲ್ಸ್‌ನದು. ಅವರು ಕೊನೆಯ ಸಲ ಗೆದ್ದದ್ದು 1986ರಲ್ಲಿ. ಆರ್‌ಸಿಬಿಗಾಗಿ 18 ಋತು ಕಾದವರು ತಮ್ಮ ತಾಳ್ಮೆಯ ಬಗ್ಗೆ ಅಲ್ಲಿ ಜಂಬ ಕೊಚ್ಚದಿರುವುದು ಒಳ್ಳೆಯದು.

ಈಗ ಲೀಗ್ ಹಿಡಿದಿರುವ ದಾರಿ ಬೇರೆ: ಹಳಬರನ್ನು ಮುಟ್ಟದೆ ಹೊಸಬರನ್ನು ಸೇರಿಸುವುದು. 2023ರಲ್ಲಿ ಬ್ರಿಸ್ಬೇನ್ ಪಕ್ಕದ ರೆಡ್‌ಕ್ಲಿಫ್ ಮೂಲದ ಡಾಲ್ಫಿನ್ಸ್ ಬಂತು. 2027ಕ್ಕೆ ಪರ್ತ್ ಬೇರ್ಸ್ ಘೋಷಣೆಯಾಗಿದೆ. ಬೀದಿಗೆ ಬಿದ್ದಿದ್ದ ಅದೇ ನಾರ್ತ್ ಸಿಡ್ನಿಯ ಕರಡಿಗೆ ದೇಶದ ಇನ್ನೊಂದು ತುದಿಯಲ್ಲಿ ಮನೆ ಸಿಕ್ಕಿದೆ. 2028ಕ್ಕೆ ಪಪುವಾ ನ್ಯೂ ಗಿನಿಯ ತಂಡ. ರಗ್ಬಿ ಲೀಗೇ ರಾಷ್ಟ್ರೀಯ ಆಟವಾಗಿರುವ ಆ ದೇಶಕ್ಕಾಗಿ ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಕ್ಕೆ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಒದಗಿಸಲು ಒಪ್ಪಿದೆ. ಪೆಸಿಫಿಕ್‌ನಲ್ಲಿ ಚೀನಾದ ಪ್ರಭಾವ ತಡೆಯುವ ಲೆಕ್ಕವೂ ಇದರ ಹಿಂದಿದೆ. ಘೋಷಿಸಿದಂತೆ ನಡೆದರೆ ಆಗ ತಂಡಗಳು 19, ಸಿಡ್ನಿಯವು ಅದೇ ಒಂಬತ್ತು. ಲೀಗ್ ಎರಡಾಗಿ ಒಡೆದಿದ್ದ 1997 ಬಿಟ್ಟರೆ, ಸಿಡ್ನಿಯ ಪಾಲು ಅರ್ಧಕ್ಕಿಂತ ಕಡಿಮೆಯಾಗುವುದು ಅದೇ ಮೊದಲು.