ಬಿಳಿ ರಕ್ತಕಣ ಏರಿದೆ, ಆದರೆ ಕೀವಾಗಿಲ್ಲ

ಮದ್ದೂರು ಕಡೆಯ ಕಬ್ಬು ಬೆಳೆಗಾರರೊಬ್ಬರು ಹೊಟ್ಟೆಯ ಮೇಲ್ಭಾಗದಲ್ಲಿ ಶುರುವಾಗಿ ಬೆನ್ನಿಗೆ ಇರಿಯುವ ನೋವಿನಿಂದ, ಮಲಗಲೂ ಆಗದೆ ಮುಂದಕ್ಕೆ ಬಾಗಿ ಕುಳಿತೇ ಮಂಡ್ಯದ ನಮ್ಮ ವಾರ್ಡಿಗೆ ಬಂದಿದ್ದರು. ರಕ್ತದಲ್ಲಿ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕಿಣ್ವವಾದ ಲೈಪೇಸ್ ಸಾಮಾನ್ಯ ಮಿತಿಯ ಮೂರು ಪಟ್ಟನ್ನು ದಾಟಿತ್ತು, ಅಂದರೆ ಆ ಗ್ರಂಥಿಗೆ ಉರಿಯೂತವಾಗಿತ್ತು. ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು ಕಂಡವು. ಬೆಳಿಗ್ಗೆ ಅವರ ಅಣ್ಣ ಲ್ಯಾಬ್ ರಿಪೋರ್ಟಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ‘ಬಿಳಿ ಕಣ 18,000 ಅದೆ ಸಾ, ಒಳಗೆ ಕೀವಾಗಿರ್ಬೇಕು. ಆಂಟಿಬಯೋಟಿಕ್ ಯಾಕ್ ಹಾಕ್ತಿಲ್ಲ?’ ಎಂದು ಕೇಳಿದರು.

ಅವರ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಹೇಳಬೇಕಾದರೆ ಮೇದೋಜೀರಕ ಗ್ರಂಥಿಯ ಉರಿಯೂತದಲ್ಲಿ ಬಿಳಿ ರಕ್ತಕಣಗಳು ಏನು ಮಾಡುತ್ತವೆ ಎಂಬುದನ್ನು ತಿಳಿಯಬೇಕು.

ಈ ಗ್ರಂಥಿ ಪ್ರೋಟೀನನ್ನು ಕರಗಿಸುವ ಕಿಣ್ವವನ್ನು ಟ್ರಿಪ್ಸಿನೋಜೆನ್ ಎಂಬ ನಿಷ್ಕ್ರಿಯ ರೂಪದಲ್ಲಿ ತಯಾರಿಸುತ್ತದೆ. ಕರುಳಿಗೆ ಇಳಿದ ಮೇಲಷ್ಟೇ ಅದು ಟ್ರಿಪ್ಸಿನ್ ಆಗಬೇಕು. ಪಿತ್ತದ ಕಲ್ಲು ನಾಳದ ಬಾಯಿಗೆ ಅಡ್ಡ ಕುಳಿತಾಗ, ಅಥವಾ ಮದ್ಯದ ಹೊಡೆತಕ್ಕೆ ಸಿಕ್ಕಾಗ, ಗ್ರಂಥಿಯ ಜೀವಕೋಶಗಳ ಒಳಗೇ ಆ ಬದಲಾವಣೆ ನಡೆದುಬಿಡುತ್ತದೆ. ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂದು ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ 1896ರಲ್ಲೇ ಹೇಳಿದ್ದರು. ಆದರೆ ರೋಗ ಗ್ರಂಥಿಯಲ್ಲೇ ತಣಿಯುತ್ತದೆಯೋ, ಶ್ವಾಸಕೋಶ, ಮೂತ್ರಪಿಂಡಗಳವರೆಗೆ ಹಬ್ಬುತ್ತದೆಯೋ ಎಂಬುದು ಬಹುಪಾಲು ಅದರ ಬೆನ್ನಿಗೇ ಧಾವಿಸುವ ರಕ್ಷಕ ಕಣಗಳನ್ನು ಅವಲಂಬಿಸಿರುತ್ತದೆ.

ಒಡೆದ ಜೀವಕೋಶಗಳಿಂದ ಡಿಎನ್‌ಎ, ಶಕ್ತಿ ಒದಗಿಸುವ ಎಟಿಪಿ ಮೊದಲಾದವು ಹೊರಗೆ ಸೋರುತ್ತವೆ. ಅಲ್ಲಿ ಒಂದು ಬ್ಯಾಕ್ಟೀರಿಯಾ ಇಲ್ಲದಿದ್ದರೂ ದೇಹ ಅದನ್ನು ಅಪಾಯದ ಕೂಗೆಂದೇ ಕೇಳಿಸಿಕೊಳ್ಳುತ್ತದೆ. ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಬಂದಿಳಿಯುತ್ತವೆ. ಸೂಕ್ಷ್ಮಾಣುಗಳನ್ನು ಸಿಕ್ಕಿಸಲೆಂದು ಅವು ತಮ್ಮದೇ ಡಿಎನ್‌ಎಯಿಂದ ಬಲೆ ಹೆಣೆದು ಎಸೆಯಬಲ್ಲವು. ಹಿಡಿಯಲು ಸೂಕ್ಷ್ಮಾಣುವೇ ಇಲ್ಲದ ಕಡೆ ಆ ಬಲೆ ಸಣ್ಣ ನಾಳಗಳಲ್ಲಿ ಕಟ್ಟಿಕೊಂಡು, ಟ್ರಿಪ್ಸಿನ್ ಇನ್ನಷ್ಟು ಚುರುಕಾಗಲು ಕಾರಣವಾಗುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ಮ್ಯಾಕ್ರೋಫೇಜ್ ಎಂಬ, ಕಸವನ್ನು ನುಂಗುವ ರಕ್ಷಕ ಕಣಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6ರಂಥ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಜ್ವರ, ಏರಿದ ನಾಡಿ, ಏದುಸಿರು ಎಲ್ಲವೂ ಇದರ ಫಲ. ಆ 18,000 ಎಂಬ ಲೆಕ್ಕವೂ ಇದೇ ಕೂಗಿಗೆ ಎದ್ದುಬಂದ ಪಡೆಯದು.

ಹಾಗಾದರೆ ಈ ಕಣಗಳನ್ನೇ ಅಡಗಿಸಬಾರದೇ? ಉರಿಯೂತದ ಒಂದು ಸಂದೇಶವನ್ನು ತಡೆಯುವ ಲೆಕ್ಸಿಪಫಾಂಟ್ ಎಂಬ ಔಷಧದ ಮೇಲೆ ಬಹಳ ನಿರೀಕ್ಷೆಯಿತ್ತು. 2001ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದು ರೋಗಿಗಳಿಗೆ ನೆರವಾಗಲಿಲ್ಲ. ರೋಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಸಂದೇಶಗಳ ಸರಪಳಿ ಬಹಳ ಮುಂದೆ ಸಾಗಿರುತ್ತದೆ ಎಂಬುದು ಒಂದು ಕಾರಣವೆಂದು ನನ್ನ ಎಣಿಕೆ. ಇನ್ನೊಂದು ಮಾತೂ ಇದೆ: ಮೊದಲು ಉರಿ ಹಚ್ಚಿದ ಮ್ಯಾಕ್ರೋಫೇಜ್‌ಗಳ ಬಳಗವೇ ಆಮೇಲೆ ಸ್ವಭಾವ ಬದಲಿಸಿ, ಸತ್ತ ಜೀವಕೋಶಗಳನ್ನು ನುಂಗಿ ಗ್ರಂಥಿಯ ದುರಸ್ತಿಗೆ ನಿಲ್ಲುತ್ತದೆ. ಅವನ್ನು ಅಳಿಸಿದರೆ ವಾಸಿಯಾಗುವ ದಾರಿಯನ್ನೇ ಮುಚ್ಚಿದಂತೆ.

ಆದ್ದರಿಂದ ಸೋಂಕಿಲ್ಲದ ಮೊದಲ ದಿನಗಳಲ್ಲಿ ನಾವು ಆಂಟಿಬಯೋಟಿಕ್ ಹಾಕದೆ ಹದವರಿತು ಡ್ರಿಪ್ ಕೊಡುತ್ತೇವೆ, ನೋವು ಇಳಿಸುತ್ತೇವೆ, ವಾಂತಿ ನಿಂತ ಕೂಡಲೇ ಬಾಯಿಂದಲೇ ಆಹಾರ ಶುರುಮಾಡುತ್ತೇವೆ. ವಾರಗಟ್ಟಲೆ ಉಪವಾಸ ಹಾಕುತ್ತಿದ್ದ ಹಳೆಯ ಪದ್ಧತಿ ಈಗ ಸರಿಯಲ್ಲ. ಆಹಾರವಿಲ್ಲದ ಕರುಳಿನ ಒಳಪದರ ಸೊರಗಿ, ಅಲ್ಲಿನ ಬ್ಯಾಕ್ಟೀರಿಯಾಗಳು ಹೊರಗೆ ನುಸುಳಲು ಎಡೆಯಾಗುತ್ತದೆ.

ನಿಜವಾದ ಸೋಂಕಿನ ಭಯ ಹೆಚ್ಚುವುದು ಎರಡನೆಯ ವಾರದ ಸುಮಾರಿಗೆ, ಅದೂ ಗ್ರಂಥಿಯ ಭಾಗ ಸತ್ತುಹೋದವರಲ್ಲಿ. ಅಷ್ಟು ಹೊತ್ತಿಗೆ ರಕ್ಷಣಾ ವ್ಯವಸ್ಥೆ ದಣಿದಿರುತ್ತದೆ. ರಕ್ತದ ಮಾನೋಸೈಟ್ ಎಂಬ ಬಿಳಿ ಕಣಗಳ ಮೇಲಿನ ಎಚ್‌ಎಲ್‌ಎ-ಡಿಆರ್ ಗುರುತು ಕುಗ್ಗಿ, ಸೂಕ್ಷ್ಮಾಣುಗಳ ಸುಳಿವನ್ನು ಇತರ ಕಣಗಳಿಗೆ ತೋರಿಸುವ ಶಕ್ತಿ ಅವುಗಳಲ್ಲಿ ತಗ್ಗಿರುತ್ತದೆ. ಇಳಿದಿದ್ದ ಜ್ವರ ಆಗ ಮತ್ತೆ ಏರಿದರೆ ಸಿಟಿ ಸ್ಕ್ಯಾನ್ ಮಾಡಿಸುತ್ತೇವೆ, ಸೋಂಕಿನ ಸುಳಿವು ಸಿಕ್ಕರೆ ಆಂಟಿಬಯೋಟಿಕ್ ತಡಮಾಡದೆ ಕೊಡುತ್ತೇವೆ.

ಮೂರನೆಯ ದಿನ ಆ ಅಣ್ಣ ಹೊಸ ರಿಪೋರ್ಟನ್ನು ತಾವೇ ಓದಿ ನನ್ನ ಮುಂದೆ ಹಿಡಿದರು: 11,000. ಆ ಬೆಳೆಗಾರರು ಮಂಚದ ಮೇಲೆ ಕುಳಿತು ಗಂಜಿ ಕುಡಿಯುತ್ತಿದ್ದರು. ಪಿತ್ತಕೋಶವನ್ನು ಮನೆಗೆ ಹೋಗುವ ಮುಂಚೆಯೇ ತೆಗೆಸಿಕೊಳ್ಳುವ ಬಗ್ಗೆ ನಾವು ಆಗ ಮಾತು ಶುರುಮಾಡಿದೆವು.