ವಿಂಟರ್ ಬ್ಯಾಂಡಿನ ಭಾರ: ಯಾರೂ ನುಡಿಸದ ಒಂದು ಸ್ವರ

ಮೆಟಲ್ ಅನ್ನುವ ಗಡುಸು ರಾಕ್ ಸಂಗೀತದಲ್ಲಿ ಡೂಮ್ ಮೆಟಲ್ ಅಂದರೆ ನಿಧಾನದ ಮೆಟಲ್ ಅಂತ ಸುಮ್ನೆ ಬರೆದುಕೊಂಡರೆ ಪಾಠ ಅಲ್ಲಿಗೇ ನಿಂತುಬಿಡುತ್ತದೆ. ನಿಧಾನವಾದದ್ದು ಯಾಕೆ ಭಾರವಾಗಿ ಕೇಳಿಸಬೇಕು? ಚಿತ್ರದುರ್ಗದ ನಮ್ಮ ಗೆಳೆಯರ ಗುಂಪಿನಲ್ಲಿ ಎದ್ದ ಪ್ರಶ್ನೆ ಇದು. ಉತ್ತರ ಹುಡುಕಲು ನಾನು ಆರಿಸಿಕೊಂಡದ್ದು ನ್ಯೂಯಾರ್ಕಿನ ವಿಂಟರ್ ಎಂಬ ಬ್ಯಾಂಡನ್ನು.

ವಿಂಟರ್ ಶುರುವಾಗಿದ್ದು 1988ರಲ್ಲಿ. ಹಾಡುವುದು ಮತ್ತು ಬೇಸ್ ಜಾನ್ ಆಲ್ಮನ್, ಗಿಟಾರ್ ಸ್ಟೀಫನ್ ಫ್ಲ್ಯಾಮ್, ಡ್ರಮ್ಸ್ ಜೋ ಗೊನ್ಸಾಲ್ವಿಸ್. ಪೂರ್ತಿ ಆಲ್ಬಮ್ ಅಂತ ಅವರು ಮಾಡಿದ್ದು ಒಂದೇ, 1990ರ ‘ಇನ್‌ಟು ಡಾರ್ಕ್‌ನೆಸ್’. ಆಗ ಮೆಟಲ್‌ನ ಇನ್ನೊಂದು ಕವಲಾದ ಡೆತ್ ಮೆಟಲ್‌ನಲ್ಲಿ ಯಾರು ಜಾಸ್ತಿ ವೇಗವಾಗಿ ನುಡಿಸುತ್ತಾರೆ ಅನ್ನುವುದೇ ದೊಡ್ಡ ಮಾತಾಗಿತ್ತು. ಇವರು ತೆವಳುವ ಹಾಗೆ ನುಡಿಸಿದರು. ಹೆಚ್ಚು ಜನ ಗಮನಿಸಲಿಲ್ಲ. 2011ರಲ್ಲಿ ಸದರ್ನ್ ಲಾರ್ಡ್ ಸಂಸ್ಥೆ ಈ ಆಲ್ಬಮನ್ನು ಮತ್ತೆ ಹೊರತಂದ ಮೇಲೆ ಹೊಸ ಕೇಳುಗರು ಸಿಕ್ಕರು. ಇಪ್ಪತ್ತು ವರ್ಷ ತಡವಾಯಿತು ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ.

ಮೊದಲು ನಿಧಾನದ ವಿಚಾರ. ನಾಯಕನಹಟ್ಟಿ ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಅಷ್ಟೊಂದು ಜನ ಸೇರಿ ಮಿಣಿ ಎಳೆಯುತ್ತಾರೆ. ತೇರು ಅಲುಗುತ್ತದೆ, ನಿಲ್ಲುತ್ತದೆ, ಮತ್ತೆ ಅಲುಗುತ್ತದೆ. ಅದೇ ತೇರು ಬೈಕಿನ ಹಾಗೆ ಓಡಿದ್ದರೆ ಅದರ ತೂಕ ನಮ್ಮ ಎದೆಗೆ ತಟ್ಟುತ್ತಿತ್ತಾ? ಹಾಡಿನಲ್ಲೂ ಹಾಗೆಯೇ. ನಿಮಿಷಕ್ಕೆ 180 ಪೆಟ್ಟು ಬಿದ್ದರೆ ಒಂದು ಪೆಟ್ಟಿನ ಬಾಲ ಮುಗಿಯುವ ಮೊದಲೇ ಇನ್ನೊಂದು ಬಂದು ಅದನ್ನು ಮುಚ್ಚಿಬಿಡುತ್ತದೆ. 60 ಪೆಟ್ಟಾದರೆ ನಡುವೆ ಪೂರಾ ಒಂದು ಸೆಕೆಂಡ್ ಇದೆ. ಡ್ರಮ್ಮಿನ ಗುಂಯ್ ಅನ್ನುವ ಬಾಲ, ಆಂಪಿನ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಗೊರಗೊರ, ಕೋಣೆಯ ಗಾಳಿ ಎಲ್ಲ ಕಿವಿಗೆ ಬೀಳುತ್ತವೆ. ವಿಂಟರ್ ಕೆಲವು ಕಡೆ ವೇಗ ಏರಿಸುತ್ತಾರೆ. ಆದರೆ ಮತ್ತೆ ಇಳಿದಾಗಲೇ ಭಾರ ಇಮ್ಮಡಿಯಾಗುವುದು.

ಒಂದು ತೊಡಕಿದೆ. ಗಿಟಾರ್ ತಂತಿಯನ್ನು ಮೀಟಿದ ಕೂಡಲೇ ಅದರ ಸದ್ದು ಇಳಿಯಲು ಶುರುವಾಗುತ್ತದೆ. ಅಷ್ಟು ದೊಡ್ಡ ಬಿಡುವನ್ನು ತುಂಬುವುದು ಹೇಗೆ? ಡಿಸ್ಟಾರ್ಷನ್, ಅಂದರೆ ಗಿಟಾರಿನ ಸದ್ದನ್ನು ಬೇಕೆಂದೇ ಒಡಕಾಗಿಸುವ ಉಪಾಯ, ಇಲ್ಲಿ ಕೆಲಸಕ್ಕೆ ಬರುತ್ತದೆ. ಅದು ಅಲೆಯ ತಲೆಯನ್ನು ಕತ್ತರಿಸುತ್ತದೆ. ಜೋರಿನ ಭಾಗ ತಗ್ಗಿ, ಕೊನೆಯ ಸಣ್ಣ ಸದ್ದೂ ಹೆಚ್ಚುಕಡಿಮೆ ಅದೇ ಮಟ್ಟಕ್ಕೆ ಬರುತ್ತದೆ. ಸ್ವರ ಉದ್ದವಾಗಿ ನಿಲ್ಲುತ್ತದೆ. ನಮ್ಮ ಕಡೆಯ ಉರುಮೆ ಕೇಳಿದವರಿಗೆ ಇದು ಹೊಸದಲ್ಲ. ಅದರ ಒಂದು ಬದಿಯನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ, ಬರೀ ಬಡಿಯುವುದಿಲ್ಲ. ಅದಕ್ಕೇ ಆ ಸದ್ದು ಹೂಂಕರಿಸುತ್ತಾ ಎಳೆದುಕೊಂಡು ಹೋಗುತ್ತದೆ.

ಇನ್ನು ಶ್ರುತಿ. ಗಿಟಾರಿನ ದಪ್ಪ ತಂತಿ ಸಾಮಾನ್ಯವಾಗಿ 82.4 ಹರ್ಟ್ಜ್‌ನಲ್ಲಿ, ಅಂದರೆ ಸೆಕೆಂಡಿಗೆ ಅಷ್ಟು ಕಂಪನದಲ್ಲಿ, ಇರುತ್ತದೆ. ಮೂರು ಅರ್ಧಸ್ವರ ಇಳಿಸಿದರೆ 69.3 ಹರ್ಟ್ಜ್. ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗಿಟಾರ್ ವಾದಕ ಟೋನಿ ಅಯೋಮಿ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮಿನಲ್ಲಿ ಹೀಗೆ ಇಳಿಸಿದರು. ಅವರು ಎಡಗೈ ವಾದಕರು. ತಗಡಿನ ಕಾರ್ಖಾನೆಯ ಅಪಘಾತದಲ್ಲಿ ಬಲಗೈಯ ಎರಡು ಬೆರಳ ತುದಿ ಹೋಗಿದ್ದವು, ತಂತಿ ಒತ್ತಬೇಕಾದ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಶ್ರುತಿ ಇಳಿಸಿದರೆ ತಂತಿಯ ಬಿಗಿ ಕಡಿಮೆ, ಒತ್ತುವುದು ಸುಲಭ. ನೋವು ತಪ್ಪಿಸಲು ಕಂಡುಕೊಂಡ ದಾರಿ ಮುಂದೆ ಡೂಮ್‌ನ ದನಿಯೇ ಆಯಿತು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಪವರ್ ಕಾರ್ಡ್ ಅಂದರೆ ಬೇರೇನಲ್ಲ, ನಮ್ಮ ಷಡ್ಜ ಮತ್ತು ಪಂಚಮ. ಷಡ್ಜ 69.3 ಆದರೆ ಪಂಚಮ ಸುಮಾರು 103.9 ಹರ್ಟ್ಜ್. ಇವೆರಡೂ ಒಂದೇ ಡಿಸ್ಟಾರ್ಷನ್ ಮೂಲಕ ಹಾದುಹೋದಾಗ ಅವುಗಳ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಕಳೆದು ನೋಡಿ: 34.6. ಅಂದರೆ ಷಡ್ಜದ ಅರ್ಧ, ಒಂದು ಸ್ಥಾಯಿ ಕೆಳಗೆ. ಆ ಸ್ವರವನ್ನು ಯಾವ ಬೆರಳೂ ನುಡಿಸಿಲ್ಲ. ಆದರೂ ನೆಲದಡಿಯಿಂದ ಬಂದ ಹಾಗೆ ಕೇಳಿಸುತ್ತದೆ. ವಿಂಟರ್‌ನ ರೆಕಾರ್ಡಿಂಗ್‌ನಲ್ಲಿ ಗಿಟಾರೂ ಬೇಸೂ ಬೇರೆಬೇರೆಯಾಗಿ ಹೊಳೆಯುವುದಿಲ್ಲ, ಒಂದೇ ಬಂಡೆಯ ಹಾಗೆ ಬೆರೆತಿವೆ. ಇದನ್ನು ಕೆಟ್ಟ ರೆಕಾರ್ಡಿಂಗ್ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಈ ಹಾಡುಗಳಿಗೆ ಬೇಕಾದದ್ದೇ ಆ ಬೆರಕೆ.

ಮೊದಲ ಸಲ ನಾನು ಈ ಆಲ್ಬಮನ್ನು ಮೊಬೈಲ್ ಸ್ಪೀಕರ್‌ನಲ್ಲಿ ಕೇಳಿದೆ. ಸಪ್ಪೆ ಅನ್ನಿಸಿತು. ಅಷ್ಟು ಚಿಕ್ಕ ಸ್ಪೀಕರ್ ಈ ಕೆಳಗಿನ ಕಂಪನಗಳನ್ನು ಹೊರಡಿಸಲಾರದು. ಮೇಲಿನ ಸ್ವರಗಳಿಂದ ಮಿದುಳು ಕೆಳಗಿನದನ್ನು ಊಹಿಸಿಕೊಳ್ಳುತ್ತದೆ ನಿಜ, ಆದರೆ ಮೈಗೆ ತಟ್ಟುವುದಿಲ್ಲ. ಆಮೇಲೆ ಗೆಳೆಯನ ಮನೆಯಲ್ಲಿ ಸಬ್‌ವೂಫರ್ ಹಚ್ಚಿ ಹಾಕಿದೆವು. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಜುಮ್ಮೆಂದು ನಡುಗಿದವು. ಕಿವಿ ಮುಚ್ಚುವ ಹೆಡ್‌ಫೋನ್ ಆದರೂ ಇರಲಿ.

ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಹೀಗೆ ಮಾಡಿ. ಒಂದು ಗಿಟಾರ್, ಒಂದು ಡಿಸ್ಟಾರ್ಷನ್ ಪೆಡಲ್, ಒಂದು ಆಂಪ್ ಸಾಕು. ಷಡ್ಜ-ಪಂಚಮ ಒಟ್ಟಿಗೆ ಮೀಟಿ, ಮಧ್ಯದಲ್ಲಿ ಪಂಚಮದ ತಂತಿಯನ್ನು ಮಾತ್ರ ಬೆರಳಿಟ್ಟು ನಿಲ್ಲಿಸಿ. ನಿಲ್ಲಿಸಿದ್ದು ಮೇಲಿನ ಸ್ವರ, ಮಾಯವಾಗುವುದು ಕೆಳಗಿನ ಗುಡುಗು. ಆಮೇಲೆ ಷಡ್ಜವನ್ನು ಒಂದು ಗಿಟಾರಿಗೆ, ಪಂಚಮವನ್ನು ಇನ್ನೊಂದಕ್ಕೆ ಕೊಟ್ಟು ಎರಡು ಬೇರೆ ಆಂಪ್‌ಗಳಲ್ಲಿ ನುಡಿಸಿ ನೋಡಿ. ಸ್ವರಗಳು ಅವೇ, ಆದರೆ ಆ ಗುಡುಗು ಹುಟ್ಟುವುದೇ ಇಲ್ಲ.